ಮಾವನ ಫ್ರೆಂಚು

ಇವತ್ತು ಮಧ್ಯಾಹ್ನ ಸಕಲೇಶಪುರದಿಂದ ಬೆಳಗೋಡಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಮೊಣಕಾಲಿಗೆ ನೋವಿನ ಎಣ್ಣೆಯನ್ನು ಧಾರಾಳವಾಗಿ ಹಚ್ಚಿಕೊಂಡು ಬಂದಿದ್ದರು. ಎಳ್ಳೆಣ್ಣೆ, ಕರ್ಪೂರ, ಜೊತೆಗೆ ಯಾವುದೋ ಬೇರು ಕುದಿಸಿ ಇಳಿಸಿದ ಕಮಟು. ಕಿಟಕಿಯ ಗಾಜು ಸರಿಸಿದರೂ ಬಸ್ಸು ಬಿಟ್ಟು ಇಳಿಯದ ವಾಸನೆ. ನೀವಾಗಿದ್ದರೆ ಸೆರಗೋ ಕರ್ಚೀಫೋ ಮೂಗಿಗೆ ಹಿಡಿಯುತ್ತಿದ್ದಿರಿ. ನನ್ನ ನಾಲಿಗೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ "ಜ ಪಾರ್ಲ್, ತು ಪಾರ್ಲ್, ಇಲ್ ಪಾರ್ಲ್" ಎಂದು ಶುರು ಹಚ್ಚಿಕೊಂಡಿತು.

"ನಂಗೇನಾದ್ರೂ ಅಂದ್ರಾ?" ಎಂದರು ಆಕೆ.

"ಇಲ್ಲ ಕಣ್ರೀ. ಫ್ರೆಂಚು."

ಆಕೆ ತಮ್ಮ ಬ್ಯಾಗನ್ನು ನನ್ನ ಕಡೆಯಿಂದ ತೆಗೆದು ಆಚೆ ಬದಿಗೆ ಇಟ್ಟುಕೊಂಡರು. ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟು ಖಾಲಿಯಾದ ಕೂಡಲೇ ಎದ್ದು ಹೋಗಿಬಿಟ್ಟರು. ಅವರ ತಪ್ಪಲ್ಲ. ಆ ಎಣ್ಣೆಗೂ ಫ್ರೆಂಚ್ ಕ್ರಿಯಾಪದಕ್ಕೂ ಏನು ನಂಟು ಅಂತ ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೆ ತಾನೇ ಗೊತ್ತಿರುತ್ತದೆ? ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ. ನೀವು ಸೀಟು ಬಿಟ್ಟು ಏಳಬೇಡಿ.

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ ಮಲ್ಲೇಶಪ್ಪನವರು, ಬೆಳಗೋಡಿನಲ್ಲಿ ಕಾಫಿ, ಮೆಣಸು ಕೊಳ್ಳುವ ವ್ಯಾಪಾರಿ. ಅಂಗಡಿಯಲ್ಲಿ ತಕ್ಕಡಿ ಇತ್ತು, ಮೂಟೆಗಳಿದ್ದವು, ಫೋನಿತ್ತು. ಆದರೆ ವ್ಯಾಪಾರ ನಡೆಯುತ್ತಿದ್ದದ್ದು ಮಾವನ ಗಂಟಲಿನಲ್ಲಿ. ಅವರು ಫೋನಿನಲ್ಲಿ ಮಾತಾಡಿದರೆ ಎದುರಿನ ಬಸ್ ಸ್ಟಾಪಿನಲ್ಲಿ ನಿಂತವರಿಗೆಲ್ಲ ಅವತ್ತಿನ ಮೆಣಸಿನ ರೇಟು ಗೊತ್ತಾಗುತ್ತಿತ್ತು. "ಅಪ್ಪಂಗೆ ಫೋನ್ ಯಾಕೆ, ಬಾಗಿಲಲ್ಲಿ ನಿಂತು ಕೂಗಿದ್ರೆ ಕೊಚ್ಚಿ ಮಾರ್ಕೆಟ್ಟಿಗೇ ಕೇಳ್ತದೆ" ಎಂದು ನಮ್ಮೆಜಮಾನರು ಹೇಳುತ್ತಿದ್ದರು, ಮಾವ ಹತ್ತಿರದಲ್ಲೆಲ್ಲೂ ಇಲ್ಲದಾಗ. ಮಾವನ ವ್ಯಾಕರಣದಲ್ಲಿ ಭೂತಕಾಲ, ಭವಿಷ್ಯತ್ಕಾಲ ಅಂತೆಲ್ಲ ಇರಲಿಲ್ಲ. ಇದ್ದದ್ದು ಆಜ್ಞೆ ಒಂದೇ. ಬಾ, ಹೋಗು, ಎತ್ತು, ಇಳಿಸು, ಬಾಯ್ಮುಚ್ಚು. ಅತ್ತೆ ಗಂಗಮ್ಮನವರಿಗೆಂದೇ ಪ್ರತ್ಯೇಕವಾಗಿ ಬಾರೇ, ಹೋಗೇ. ಅತ್ತೆಯ ಕಡೆಯಿಂದ ಅದಕ್ಕೆ ಇದ್ದ ಉತ್ತರವೂ ಒಂದೇ: "ಬಂದೆ ಕಣ್ರೀ."

ನಾನು ಕುಂದೂರು ಕಡೆಯಿಂದ ಸೊಸೆಯಾಗಿ ಬಂದವಳು. ಬಿ.ಎ. ಮಾಡಿದ್ದೆ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗಂಡುಹುಡುಗರ ಬಾಯಿ ಕಟ್ಟಿಸಿದ್ದೆ. ಆದರೆ ಮಾವನ ಮುಖಕ್ಕೆ ಮುಖ ಕೊಟ್ಟು ಸೊಸೆ ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮಾವ ಅಡಿಗೆಮನೆಯ ಬಾಗಿಲಲ್ಲಿ ನಿಂತು "ಲೇ, ಕಾಫಿಗೆ ಸಕ್ರೆ ಕಮ್ಮಿ ಐತಂತ ಅವ್ಳಿಗೆ ಹೇಳು" ಎಂದು ಅತ್ತೆಗೆ ಹೇಳುವರು. ಆ 'ಅವ್ಳು' ಎಂಬ ನಾನು ಅತ್ತೆಯ ಪಕ್ಕದಲ್ಲೇ ನಿಂತಿರುತ್ತಿದ್ದೆ. "ಹಾಕ್ತೀನಿ ಅಂತ ಹೇಳಿ ಅತ್ತೆ" ಎನ್ನುತ್ತಿದ್ದೆ. ಅತ್ತೆ ಅದನ್ನು ಮಾವನಿಗೆ ತಲುಪಿಸುವರು. ಅಷ್ಟು ಹತ್ತಿರದ ಊರಿಗೆ ಅಷ್ಟು ಸುತ್ತಿನ ಬಸ್ ರೂಟು ನಮ್ಮ ಕಡೆ ಬೇರೆಲ್ಲೂ ಇರಲಿಲ್ಲ.

ಇಂಥ ಮನೆಗೆ ಫ್ರೆಂಚ್ ಬಂದದ್ದು ನನ್ನ ಮಗಳು ಸಿಂಚುವಿನ ಸ್ಕೂಲ್ ಬ್ಯಾಗಿನಲ್ಲಿ. ಸಕಲೇಶಪುರದ ಅವಳ ಇಂಗ್ಲಿಷ್ ಮೀಡಿಯಂ ಶಾಲೆಯವರು ಆ ವರ್ಷ ಮೂರನೇ ಭಾಷೆಯಾಗಿ ಫ್ರೆಂಚ್ ಇಟ್ಟರು. ಯಾಕೆ ಎಂದು ಮೀಟಿಂಗಿನಲ್ಲಿ ಕೇಳಿದರೆ "ತುಂಬಾ ಸ್ಕೋರಿಂಗ್ ಸಬ್ಜೆಕ್ಟು ಮೇಡಂ" ಎಂದರು. ಮೊದಲ ಟೆಸ್ಟಿನ ಮಾರ್ಕು ನೋಡಿದ ಮೇಲೆ, ಅದು ಬೇರೆ ಯಾರ ಮಕ್ಕಳನ್ನೋ ಕುರಿತು ಹೇಳಿದ ಮಾತಿರಬೇಕು ಅಂದುಕೊಂಡೆ. ಹುಡುಗಿ ಬರೆಯುವುದರಲ್ಲಿ ಹೇಗೋ ಪಾರಾಗುತ್ತಿದ್ದಳು, ಬಾಯಿಬಿಟ್ಟರೆ ಕೆಡುತ್ತಿದ್ದಳು. ಕೊನೆಗೆ ನಾನೇ ಮೊಬೈಲನ್ನು ಮಸಾಲೆ ಡಬ್ಬಿಗೆ ಒರಗಿಸಿ, ವಿಡಿಯೋ ಹಾಕಿಕೊಂಡು, ಸಾರಿಗೆ ಒಗ್ಗರಣೆ ಕೊಡುತ್ತಾ ಫ್ರೆಂಚ್ ಕಲಿಯಲು ನಿಂತೆ.

ಕಲಿಯುತ್ತಾ ಕಲಿಯುತ್ತಾ ನನಗೆ ಬಂದದ್ದು ಭಾಷೆಗಿಂತ ಮೊದಲು ಸಿಟ್ಟು. ನಾವು ಕನ್ನಡದವರು ಬರೆದದ್ದನ್ನೆಲ್ಲ ಓದುವ ಜನ. ಒಂದು ಕೊಂಬು, ಒಂದು ದೀರ್ಘವನ್ನೂ ದಂಡ ಮಾಡುವವರಲ್ಲ. ಫ್ರೆಂಚರು ಹಾಗಲ್ಲ. 'ಮಾತಾಡು' ಎಂಬುದಕ್ಕೆ ಅವರದೊಂದು ಕ್ರಿಯಾಪದ ಇದೆ. 'ನಾನು' ಅಂದರೆ ಅದಕ್ಕೊಂದು ಬಾಲ, 'ನೀನು' ಅಂದರೆ ಆ ಬಾಲದ ತುದಿಗೆ ಒಂದು ಎಸ್ಸು, 'ಅವರು' ಅಂದರೆ ಇ-ಎನ್-ಟಿ ಎಂಬ ಉದ್ದ ಬಾಲ. ಬರೆಯುವಾಗ ಒಂದನ್ನೂ ಬಿಡುವಂತಿಲ್ಲ, ಬಿಟ್ಟರೆ ಮಾರ್ಕು ಹೋಯಿತು. ಓದುವಾಗ ಒಂದನ್ನೂ ಹೇಳುವಂತಿಲ್ಲ, ಹೇಳಿದರೆ ಮಾನ ಹೋಯಿತು. ನಾನು ಮಾತಾಡ್ತೀನಿ, ಜ ಪಾರ್ಲ್. ನೀನು ಮಾತಾಡ್ತೀಯ, ತು ಪಾರ್ಲ್. ಅವನು ಮಾತಾಡ್ತಾನೆ, ಇಲ್ ಪಾರ್ಲ್. ಅವರೆಲ್ಲ ಮಾತಾಡ್ತಾರೆ, ಅದೂ ಇಲ್ ಪಾರ್ಲ್! ನಾವು, ನೀವು ಎರಡಕ್ಕೆ ಮಾತ್ರ ಬಾಲ ಕಿವಿಗೆ ಬೀಳುತ್ತದೆ: ನೂ ಪಾರ್-ಲೋಂ, ವೂ ಪಾರ್-ಲೇ. ಇದು ಸಾಲದು ಅಂತ, ಕೆಲವು ಕಡೆ ಸತ್ತ ಅಕ್ಷರ ಮುಂದೆ ಸ್ವರ ಕಂಡರೆ ಎದ್ದು ಕೂರುತ್ತದೆ. 'ವೂ' ಅನ್ನುವಾಗ ಉಸಿರೇ ಇಲ್ಲದ ಎಸ್ಸು, ಸ್ವರದಿಂದ ಶುರುವಾಗುವ 'ಅವೇ' ಪಕ್ಕಕ್ಕೆ ಬಂದಿತೋ, 'ವೂ-ಜ-ವೇ' ಎಂದು ಪಕ್ಕದ ಮನೆಗೇ ಹೋಗಿ ಸೇರಿಕೊಳ್ಳುತ್ತದೆ. ನಮ್ಮಲ್ಲೂ ಮಳೆಗೆ 'ಇಂದ' ಸೇರಿದಾಗ ನಡುವೆ ಒಂದು 'ಯ' ಬಂದು ಮಳೆಯಿಂದ ಆಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ನಮ್ಮಲ್ಲಿ ಬರುವವನು ಹೊರಗಿನ ಅತಿಥಿ. ಅಲ್ಲಿ ಎದ್ದು ಬರುವುದು ಮನೆಯ ಹೆಣ.

ಹಳೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಇದನ್ನೆಲ್ಲ ಕನ್ನಡ ಲಿಪಿಯಲ್ಲೇ ದಪ್ಪಗೆ ಬರೆದು, ಉಚ್ಚಾರದ ತುಂಡು ತುಂಡಿಗೂ ನಡುವೆ ಗೆರೆ ಎಳೆದು, ವೆರಾಂಡದ ಗೋಡೆಗೆ ಅಂಟಿಸಿದೆ. ಒಂದು ತುಂಡಿಗೆ ಒಂದು ಚಪ್ಪಾಳೆ. ಸಂಜೆಯಾದರೆ ತಾಯಿ ಮಗಳು ಗೋಡೆ ನೋಡಿಕೊಂಡು ಚಪ್ಪಾಳೆ ತಟ್ಟುತ್ತಿದ್ದೆವು. ಅಂಗಡಿಯಿಂದ ಬಂದ ಮಾವ ಚಪ್ಪಲಿ ಬಿಡುತ್ತಾ "ಭಜನೆ ಮುಗೀತಾ ಅಂತ ಕೇಳೇ" ಎಂದು ಒಳಗಿದ್ದ ಅತ್ತೆಗೆ ಕೂಗುತ್ತಿದ್ದರು.

ಆ ಕೂಗು ನಿಂತದ್ದು ಕಾಫಿ ಕೊಯ್ಲಿನ ಕಾಲದಲ್ಲಿ. ಅಂಗಡಿಯಲ್ಲಿ ಒಬ್ಬ ಬೆಳೆಗಾರನ ಜೊತೆ, ಅವನು ತಂದ ಕಾಫಿ ಸರಿಯಾಗಿ ಒಣಗಿಲ್ಲ ಅಂತ ಜಗಳ ಆಡುತ್ತಿದ್ದ ಮಾವ ವಾಕ್ಯದ ನಡುವೆ ನಿಂತುಬಿಟ್ಟರು. ಎದುರಿದ್ದವನು ತಾನು ಗೆದ್ದೆ ಅಂದುಕೊಂಡನಂತೆ. ಬಾಯಿ ಒಂದು ಪಕ್ಕಕ್ಕೆ ಜಾರಿದ್ದು ನೋಡಿ, ಅವನೇ ಮಾವನನ್ನು ತನ್ನ ಜೀಪಿಗೆ ಹತ್ತಿಸಿಕೊಂಡು ಹಾಸನಕ್ಕೆ ಓಡಿಸಿದ. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು.

ವೆರಾಂಡದಲ್ಲಿ ಮಾವನಿಗೆ ಮಂಚ ಹಾಕಿದೆವು. ದಿನಾ ಸಂಜೆ ಅತ್ತೆ ಕೈಕಾಲಿಗೆ ಎಣ್ಣೆ ತಿಕ್ಕುವರು. ನಾನು ಬಸ್ಸಿನಲ್ಲಿ ಮೂಸಿದ್ದು ಅದೇ ಎಣ್ಣೆ. ಮೊದಮೊದಲು, ಸುಳ್ಳು ಯಾಕೆ ಹೇಳಲಿ, ಮನೆಗೆ ಹೊಸದಾಗಿ ಸುಣ್ಣ ಬಳಿದಷ್ಟು ಹಿತವಾಗಿತ್ತು ಆ ಮೌನ. ಆಮೇಲೆ ಹೆದರಿಕೆಯಾಗತೊಡಗಿತು. ಬೈಗುಳವಿಲ್ಲದೆ ಅತ್ತೆಗೆ ಬೆಳಗಾದದ್ದೇ ಗೊತ್ತಾಗುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತು ನಿಂತುಬಿಡುತ್ತಿದ್ದರು.

ಮಾತು ಕಲಿಸುವ ಡಾಕ್ಟರಮ್ಮ ಹಾಸನದಲ್ಲಿದ್ದರು. ಚಿಕ್ಕ ವಯಸ್ಸಿನ ಹುಡುಗಿ. "ತಾತಂಗೆ ಎಲ್ಲ ಅರ್ಥ ಆಗುತ್ತೆ. ಪದ ನಾಲಿಗೆಗೆ ಬರೋ ದಾರಿ ತಪ್ಪಿದೆ ಅಷ್ಟೆ. ತುಂಡು ತುಂಡು ಮಾಡಿ ಹೇಳಿಸಿ" ಎಂದು ಹೇಳಿ ಮಾವನ ಮುಂದೆ ಕೂತು "ಅ-ಪ್ಪ, ಅ-ಮ್ಮ, ಅ-ನ್ನ... ಹೇಳಿ ತಾತ" ಎಂದರು. ಮಾವ ಅವರನ್ನು, ಒದ್ದೆ ಕಾಫಿ ತಂದವನನ್ನು ನೋಡುವ ಹಾಗೆ ನೋಡಿದರು. ಇಡೀ ಬಸ್ ಸ್ಟಾಪಿಗೆ ಮೆಣಸಿನ ರೇಟು ಕೇಳಿಸಿದ ಬಾಯಿ, ಬಾಲವಾಡಿ ಮಕ್ಕಳ ಹಾಗೆ 'ಅನ್ನ' ಎನ್ನಲು ತೆರೆಯಲಿಲ್ಲ. ಹೇಳಲು ಹೋಗಿ ಅದು ಸೊಟ್ಟಗೆ ಬಂದರೆ? ಅದೂ ಸೊಸೆ, ಮೊಮ್ಮಗಳ ಎದುರಿಗೆ? ಮನೆಗೆ ಬಂದ ಮೇಲೂ ಅಷ್ಟೇ. ನಾವು 'ಅ-ಪ್ಪ' ಎಂದು ಶುರು ಮಾಡಿದರೆ ಕಣ್ಣು ಮುಚ್ಚಿಬಿಡುವರು.

ಹೀಗಿರುವಾಗ ಒಂದು ಸಂಜೆ, ಸಿಂಚುವಿಗೆ ಮಾರನೇ ದಿನ ಬಾಯಿಪಾಠದ ಪರೀಕ್ಷೆ ಅಂತ ನಾವಿಬ್ಬರೂ ಚಪ್ಪಾಳೆ ತಟ್ಟುತ್ತಾ ಕೂತಿದ್ದೆವು. ಅವಳು ಗೋಡೆ ಬಿಟ್ಟು ಪುಸ್ತಕ ನೋಡಿಕೊಂಡು, 'ಅವರು ಮಾತಾಡ್ತಾರೆ' ಬಂದಾಗಲೆಲ್ಲ 'ಪಾರ್ಲೆಂಟ್' ಎಂದು ಬಾಲ ಸಮೇತ ಓದುತ್ತಿದ್ದಳು. ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಆಗ ಮಂಚದ ಕಡೆಯಿಂದ ಒಂದು ಸದ್ದು ಬಂತು.

"ಪಾ..."

ನಾವಿಬ್ಬರೂ ತಿರುಗಿದೆವು. ಮಾವ ಗೋಡೆ ನೋಡುತ್ತಿದ್ದರು.

"ಪಾರ್... ಲ್."

ಮುಂದಕ್ಕೆ ಹೋಗಲು ನಾಲಿಗೆಗೆ ಶಕ್ತಿಯಿರಲಿಲ್ಲ, ಅಲ್ಲೇ ನಿಂತಿತು. ಸಿಂಚು ಎದ್ದು ಕುಣಿದಳು. "ಅಮ್ಮಾ! ತಾತ ಸೈಲೆಂಟ್ ಲೆಟರ್ ಕರೆಕ್ಟಾಗಿ ಬಿಟ್ರು!"

ಪದದ ಬಾಲ ನುಂಗುವುದು ನಮ್ಮ ಮನೆಯಲ್ಲಿ ಕಾಯಿಲೆ, ಆ ದೇಶದಲ್ಲಿ ವ್ಯಾಕರಣ. ಬೆಳಗೋಡಿನಲ್ಲಿ ಅವತ್ತು ಫ್ರೆಂಚನ್ನು ತಪ್ಪಿಲ್ಲದೆ ಮಾತಾಡಿದವರು ನಮ್ಮ ಮಾವ ಒಬ್ಬರೇ. ಕನ್ನಡದಲ್ಲಿ ತಪ್ಪಿದರೆ ಅವಮಾನ. ಇದು ಯಾರ ಅಪ್ಪನ ಮನೆಯ ಭಾಷೆಯೂ ಅಲ್ಲ, ಎಲ್ಲರೂ ತಪ್ಪುವವರೇ, ಅದರಲ್ಲಿ ಎಂಥ ನಾಚಿಕೆ? ಮಾವನಿಗೆ ಆ ಲೆಕ್ಕ ಹಿಡಿಸಿತು ಅಂತ ಕಾಣುತ್ತದೆ. ಮಾರನೇ ಸಂಜೆ ನಾವು ಬರುವ ಮೊದಲೇ ಎದ್ದು ಕೂತಿದ್ದರು. ಎಡಗೈಯಿಂದ ಮಂಚದ ಪಟ್ಟಿಗೆ ತಟ್ಟಿದರು, ಶುರು ಮಾಡಿ ಎನ್ನುವ ಹಾಗೆ.

ನಾನು ಮಾವನ ಮುಖ ನೋಡಿ "ತು ಪಾರ್ಲ್" ಎಂದೆ. ಅಂದರೆ, ನೀನು ಮಾತಾಡ್ತೀಯ. ನಮ್ಮ ಸೀಮೆಯಲ್ಲಿ ಮಾವನಿಗೆ ನೇರವಾಗಿ ಏಕವಚನ ಹೇಳಿ, ಆಮೇಲೂ ಅದೇ ಮನೆಯಲ್ಲಿ ಊಟ ಮಾಡಿದ ಸೊಸೆ ಬಹುಶಃ ನಾನೊಬ್ಬಳೇ. ಮಾವ ತಲೆಯಾಡಿಸಿ, "ಇಲ್... ಪಾರ್ಲ್" ಎಂದರು.

ಸುದ್ದಿ ಹೊಂಗಡಹಳ್ಳದಲ್ಲಿದ್ದ ಅತ್ತೆಯ ತಮ್ಮ ಹಾಲಪ್ಪನವರಿಗೆ ಮುಟ್ಟಿತು. ಭಾವನಿಗೆ ಮಾತು ಬಂದಿದೆಯಂತೆ ಅಂತ ಬಾಳೆಗೊನೆ ಹೊತ್ತುಕೊಂಡು ಓಡಿ ಬಂದರು. ಮಂಚದ ಪಕ್ಕ ಕೂತು ಕೈ ಹಿಡಿದುಕೊಂಡು "ಏನಾದ್ರೂ ಮಾತಾಡಿ ಭಾವ, ಕೇಳ್ಬೇಕು" ಎಂದರು. ಮಾವ ಗಂಭೀರವಾಗಿ, "ವೂ... ಪಾರ್-ಲೇ" ಎಂದರು.

ಹಾಲಪ್ಪನವರ ಕಣ್ಣಲ್ಲಿ ನೀರು ಬಂತು. "ಅಯ್ಯೋ, ಬಿಸ್ಕತ್ ಕೇಳ್ತಾವ್ರೆ ಕಣಕ್ಕಯ್ಯ!" ಎಂದು ಅಂಗಡಿಗೆ ಓಡಿ ಪ್ಯಾಕೆಟ್ಟು ತಂದು ಮಾವನ ಮಡಿಲಿಗೆ ಹಾಕಿದರು. ಮಾವ ಮತ್ತೂ ಜೋರಾಗಿ "ಪಾರ್-ಲೇ!" ಎಂದರು. ಹಾಲಪ್ಪನವರು ಇನ್ನೊಂದು ಪ್ಯಾಕೆಟ್ಟು ತರಲು ಎದ್ದರು. ಸಿಂಚು ನಗು ತಡೆಯಲಾರದೆ ಅದು ಬಿಸ್ಕತ್ತಲ್ಲ, ಫ್ರೆಂಚ್ ಎಂದು ಬಿಡಿಸಿ ಹೇಳಿದಾಗ ಅವರ ಮುಖ ಬೇರೆಯೇ ಬಣ್ಣಕ್ಕೆ ತಿರುಗಿತು. ಅತ್ತೆಯನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ, ಅಂದರೆ ನಮಗೆಲ್ಲ ಕೇಳುವ ಹಾಗೆ ಹೇಳಿದರು: "ಅಕ್ಕಯ್ಯ, ಎಸ್ಟೇಟಲ್ಲಿ ಸತ್ತ ಯಾವ್ದೋ ದೊರೆ ಗಾಳಿ ಮೆಟ್ಕೊಂಡೈತೆ. ತಾಯಿತ ಕಟ್ಟಿಸ್ಬುಡಾನ."

"ಇಲ್ಲಿದ್ದ ದೊರೆಗಳು ಇಂಗ್ಲಿಷ್ ಮಾತಾಡೋರು ತಾತ, ಇದು ಫ್ರೆಂಚು" ಎಂದಳು ಸಿಂಚು.

ಹಾಲಪ್ಪನವರು ಯೋಚಿಸಿದರು. "ಹಂಗಾರೆ ಎಲ್ಲೋ ದಾರಿ ತಪ್ಪಿ ಬಂದಿರೋ ದೆವ್ವ ಕಣವ್ವ. ಅದುನ್ನ ಬುಡ್ಸೋದು ಇನ್ನೂ ಕಷ್ಟ."

ಎಲ್ಲ ಹೀಗೆ ನಗುತ್ತಲೇ ಸಾಗಲಿಲ್ಲ. ಮಾವನ ಹಳೆಯ ಪರಿಚಯದ ಏಜೆಂಟೊಬ್ಬ ನೋಡಲು ಬಂದ. ಕೆಟ್ಟವನೇನಲ್ಲ. ಆದರೆ ಮಾವನ ಎದುರಿಗೇ ಕೂತು, ಮಾವ ಅಲ್ಲಿಲ್ಲವೇನೋ ಎನ್ನುವ ಹಾಗೆ ನಮ್ಮೆಜಮಾನರಿಗೆ ಹೇಳಿದ: "ಎಂಥಾ ಗಂಟ್ಲು ಮಾರಾಯ, ಪಾಪ! ಇನ್ನೇನ್ ಆಯ್ತು ಬುಡು, ಅಂಗ್ಡಿ ನೀನೇ ನೋಡ್ಕಬೇಕು." ಮಾವ ಏನೋ ಹೇಳಲು ಮುಂದೆ ಬಾಗಿದರು. ಕನ್ನಡದಲ್ಲೇ. "ನಾ... ನಾ... ನಾ..." ಕತ್ತಿನ ನರ ಉಬ್ಬಿತು, ಮಾತು ಬರಲಿಲ್ಲ. ಏಜೆಂಟು ಮಾವನ ಭುಜ ತಟ್ಟಿ, ಕಿವುಡರಿಗೆ ಹೇಳುವಂತೆ ಕೂಗಿ, "ಸುಸ್ತು ಮಾಡ್ಕಬ್ಯಾಡಿ!" ಎಂದ. ಮಾವ ಎಡಗೈಯಿಂದ ಕಾಫಿ ಲೋಟ ಎತ್ತಿ ಬೀಸಿದರು. ಗುರಿ ತಪ್ಪಿ ಅದು ಗೋಡೆಯ ಮೇಲಿದ್ದ 'ನೂ ಪಾರ್-ಲೋಂ'ಗೆ ಬಿತ್ತು.

ಅವತ್ತಿನಿಂದ ಮಾವ ಗೋಡೆಗೆ ಬೆನ್ನು ಹಾಕಿ ಮಲಗಿದರು. ಕನ್ನಡವೂ ಇಲ್ಲ, ಫ್ರೆಂಚೂ ಇಲ್ಲ. ಊಟ ಅರ್ಧಕ್ಕೆ ಬಿಡುವರು. ಸಿಂಚು ಪಕ್ಕ ನಿಂತು ಚಪ್ಪಾಳೆ ತಟ್ಟಿ ತಟ್ಟಿ ಅಳು ಬಂದು ಒಳಗೆ ಹೋಗುವಳು. ನಮ್ಮೆಜಮಾನರು ಅಂಗಡಿಯಿಂದ ಬಂದವರು ವೆರಾಂಡ ತಪ್ಪಿಸಿ ಹಿತ್ತಿಲ ಬಾಗಿಲಿನಿಂದ ಬರತೊಡಗಿದರು. ಹಾಸನದ ಡಾಕ್ಟರಮ್ಮ ಫೋನಿನಲ್ಲಿ, "ಹೀಗೇ ಬಿಟ್ಟರೆ ಬಂದಷ್ಟೂ ಹೋಗುತ್ತೆ ಮೇಡಂ" ಎಂದರು.

ಆ ಸಂಜೆ ಎಣ್ಣೆ ತಿಕ್ಕಿ ಮುಗಿಸಿದ ಅತ್ತೆ, ಕೈ ಒರೆಸಿಕೊಳ್ಳದೆ ಹಾಗೇ ನೆಲದ ಮೇಲೆ ಕೂತರು. ಗೋಡೆಯ ಮೇಲಿನ ಮೊದಲ ಸಾಲನ್ನು ತೋರಿಸಿ ನನ್ನನ್ನು ಕೇಳಿದರು. "ಇದೇನು ಹಂಗಂದ್ರೆ?"

"ಜ ಪಾರ್ಲ್ ಅಂತ ಅತ್ತೆ. ನಾನು ಮಾತಾಡ್ತೀನಿ ಅಂತ."

"ಈ ಮನೇಲಿ ಆ ಮಾತು ಹೇಳಕ್ಕೆ ನಾನು ಫ್ರೆಂಚ್ ಕಲೀಬೇಕಾಯ್ತು ನೋಡು" ಎಂದರು ಅತ್ತೆ. ನಗುತ್ತಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಗಂಟಲು ಸರಿ ಮಾಡಿಕೊಂಡು, ದೇವರ ಮುಂದೆ ಹಾಡುವ ರಾಗದಲ್ಲಿ, "ಜ ಪಾ-ರು-ಲು" ಎಂದರು.

ನಾನು ತಿದ್ದಲು ಹೋದೆ, ಅತ್ತೆ ಬಿಡಲಿಲ್ಲ. "ತು ಪಾ-ರು-ಲು. ಇಲ್ಲು ಪಾ-ರು-ಲು." ನಮ್ಮ ಕಡೆ ಪದ ವ್ಯಂಜನದಲ್ಲಿ ನಿಂತರೆ ಅದಕ್ಕೊಂದು ಉಕಾರದ ಊರುಗೋಲು ಕೊಡದೆ ನಮಗೆ ಸಮಾಧಾನವಿಲ್ಲವಲ್ಲ, ಬಸ್ಸು, ಕಾರು, ಫ್ರೆಂಚು. ಅತ್ತೆ ಆ ಉಕಾರವನ್ನು ಒಂದೊಂದು ಪದಕ್ಕೂ ಕೈತುಂಬ ಬಡಿಸುತ್ತಾ ಹೋದರು. ಬೆನ್ನು ಹಾಕಿ ಮಲಗಿದ್ದ ಮಾವನ ಹೆಗಲು ಒಮ್ಮೆ ಅಲುಗಿತು. ಅತ್ತೆ ಮೊದಲಿಂದ ಶುರು ಮಾಡಿದರು. ಯಾರೇ ಆಗಲಿ ತಪ್ಪು ಮಾಡಿದ್ದನ್ನು ತಿದ್ದದೆ ಬಿಟ್ಟು ಅಭ್ಯಾಸವಿದ್ದ ಮನುಷ್ಯನಲ್ಲ ನಮ್ಮ ಮಾವ. ಅದರಲ್ಲೂ ಹೆಂಡತಿ ಮಾಡಿದ್ದನ್ನು.

"ಪಾರ್ಲ್!" ಮಾವ ತಿರುಗಿ ಎದ್ದು ಕೂತರು. "ಪಾರ್ಲ್! ಪಾರ್ಲ್!"

"ಅದೇ ಅಂದೆ ಕಣ್ರೀ. ಪಾ-ರು-ಲು."

ಅತ್ತೆಗೆ ನಿಜವಾಗಿಯೂ ಬರುತ್ತಿರಲಿಲ್ಲವೋ, ಬೇಕಂತಲೇ ಹಾಗೆ ಮಾಡಿದರೋ, ನಾನು ಇವತ್ತಿಗೂ ಕೇಳಿಲ್ಲ.

ಅಲ್ಲಿಂದ ಮಾವ ಹಿಂದೆ ನೋಡಲಿಲ್ಲ. ಪಾರ್ಲ್‌ನ ಹಿಂದೆ ಹಿಂದೆ ಕನ್ನಡವೂ ಒಂದೊಂದಾಗಿ ಬಂತು. ಆದರೆ ಬಂದ ಕನ್ನಡಕ್ಕೆ ಬಾಲವಿರಲಿಲ್ಲ. "ನಾನ್ ಕಾಫಿ ಕುಡಿ." "ಅವ್ಳು ಸ್ಕೂಲ್ ಹೋಗ್." "ನೀನ್ ಬರ್." ಆಗಲೇ ನನಗೆ ಹೊಳೆದದ್ದು, ನಮ್ಮ ಭಾಷೆಯಲ್ಲಿ ಎಲ್ಲ ಇರುವುದು ಕ್ರಿಯಾಪದದ ಬಾಲದಲ್ಲಿ ಅಂತ. ಬಂದ, ಬಂದಳು, ಬಂದರು. ಹೆಣ್ಣೋ ಗಂಡೋ, ಒಬ್ಬರೋ ಹತ್ತು ಜನವೋ, ಮರ್ಯಾದೆ ಇದೆಯೋ ಇಲ್ಲವೋ, ಎಲ್ಲ ಅಲ್ಲೇ. ಬಾಲ ಹೋದ ಮೇಲೆ ಮಾವ ಯಾರಿಗೂ ಮರ್ಯಾದೆ ಕೊಡುವಂತಿರಲಿಲ್ಲ, ತೆಗೆಯುವಂತೆಯೂ ಇರಲಿಲ್ಲ. ಮನೆಯಲ್ಲಿ ಮೊದಲ ಸಲ ಎಲ್ಲರೂ ಸಮಾನರಾದೆವು.

ಬಾಲ ಮರಳಿದ್ದು ಒಂದು ಮಧ್ಯಾಹ್ನ. ಮಾವ ಊಟ ಮಾಡುತ್ತಿದ್ದರು. ಅತ್ತೆ ಎಂದಿನಂತೆ ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಗಂಡ ಉಂಡು ಏಳುವ ತನಕ ಅವರು ಕೂತದ್ದನ್ನು ನಾನು ನೋಡಿರಲಿಲ್ಲ. ಮಾವ ತುತ್ತು ನಿಲ್ಲಿಸಿ, ಎದುರಿನ ಕುರ್ಚಿಯನ್ನು ಎಡಗೈಯಲ್ಲಿ ತೋರಿಸಿ ಹೇಳಿದರು.

"ಕೂತ್... ಕೊ... ಳ್ಳಿ."

ಅತ್ತೆ ತಿರುಗಿ ಹಿಂದೆ ನೋಡಿದರು, ಯಾರು ಬಂದರು ಅಂತ. ಯಾರೂ ಇರಲಿಲ್ಲ.

"ಯಾರಿಗ್ರೀ?"

ಮಾವ ಕುರ್ಚಿಯ ಕೈಗೆ ತಟ್ಟಿದರು. "ಕೂ-ತ್ಕೊ-ಳ್ಳಿ."

ಅತ್ತೆ ಚೊಂಬು ಹಿಡಿದುಕೊಂಡೇ, ಗುರುತಿಲ್ಲದವರ ಮನೆಯಲ್ಲಿ ಕೂರುವ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತರು. ಅವತ್ತು ಸಾರಿಗೆ ಉಪ್ಪಿದೆಯೋ ಇಲ್ಲವೋ ಅಂತ ಯಾರೂ ಗಮನಿಸಲಿಲ್ಲ.

ಹಾಸನದ ಡಾಕ್ಟರಮ್ಮನನ್ನು ಕೇಳಿದೆ. "ಯಾವ ರೂಪ ಮೊದಲು ಸಿಗುತ್ತೋ ಅದು ಬರುತ್ತೆ ಮೇಡಂ, ಆರಿಸ್ಕೊಂಡು ಹೇಳಿರೋದಿಲ್ಲ" ಎಂದರು. ಇರಬಹುದು. ಗೋಡೆಯ ಮೇಲೆ 'ನೀನು' ಎಂಬುದಕ್ಕಿಲ್ಲದ, ಕಿವಿಗೆ ಕೇಳಿಸುವ ಬಾಲ 'ನೀವು' ಎಂಬುದಕ್ಕಿತ್ತಲ್ಲ, ಅದು ನಾಲಿಗೆಯಲ್ಲಿ ಕೂತಿತ್ತೋ ಏನೋ. ಹಾಲಪ್ಪನವರಂತೂ "ತಪ್ಪು ಬಾಲ ಅಂಟ್ಕೊಂಡೈತೆ ಕಣಕ್ಕಯ್ಯ" ಎಂದು ಕನಿಕರಪಟ್ಟರು. ಆದರೆ ಅವರು ಮತ್ತೆ ತಾಯಿತದ ಮಾತೆತ್ತಿದಾಗ ಮಾವನ ಬಾಯಿಂದ "ಹೋ-ಗ್ಲಾ" ಎಂದು ಸರಿಯಾದ ಬಾಲವೇ, ಸರಿಯಾದ ಜಾಗಕ್ಕೇ ಬಂತು. ಅದನ್ನು ನಾನು ಡಾಕ್ಟರಮ್ಮನಿಗೆ ಹೇಳಲು ಹೋಗಲಿಲ್ಲ.

ಈಗ ಮಾವ ಬೆಳಗಿನ ಹೊತ್ತು ಅಂಗಡಿಯಲ್ಲಿ ಕೂರುತ್ತಾರೆ. ಒಂದೊಂದು ಮಾತನ್ನೂ ತುಂಡು ಮಾಡಿ ಹೇಳುತ್ತಾರೆ. ಅವರ ವಾಕ್ಯ ಮುಗಿಯುವ ತನಕ ಕಾಯಲಾರದೆ ಎದುರಿನವರು ತಾವೇ ರೇಟು ಇಳಿಸಿಕೊಂಡು ಹೋಗುವುದುಂಟು. ಅಂಗಡಿ ಮೊದಲಿಗಿಂತ ಚೆನ್ನಾಗಿದೆ ಅಂತ ನಮ್ಮೆಜಮಾನರ ಅಭಿಪ್ರಾಯ. ಸಿಂಚು ಫ್ರೆಂಚ್ ಬಿಟ್ಟು ಹಿಂದಿಗೆ ಹೋದಳು. ಮಾವ, ಕನ್ನಡ ಬಂದದ್ದೇ ತಡ, ಫ್ರೆಂಚನ್ನು ಪೂರ್ತಿ ಮರೆತರು. ಕೇಳಿದರೆ, ತಾವು ಅಂಥ ಭಾಷೆ ಮಾತಾಡಿದ್ದೇ ಸುಳ್ಳು ಅನ್ನುತ್ತಾರೆ. ಅತ್ತೆಗೆ ಮಾತ್ರ ಆ ಬಹುವಚನ ಹಾಗೇ ಉಳಿಯಿತು. ಬನ್ನಿ, ಕೊಡಿ, ಉಣ್ಣಿ. "ಬೈದಂಗಾಯ್ತದೆ ಕಣ್ರೀ, ಮುಂಚಿನಂಗೇ ಕರೀರಿ" ಎಂದು ಅತ್ತೆ ಎಷ್ಟೋ ಸಲ ಅಂಗಲಾಚಿದ್ದಾರೆ. ಮಾವ ಕೇಳಿಸದವರ ಹಾಗೆ ಇರುತ್ತಾರೆ.

ಇವತ್ತು ಬಸ್ಸಿಳಿದು, ತರಕಾರಿ ಚೀಲ ಹಿಡಿದು ಮನೆಯ ಕಡೆ ನಡೆಯುತ್ತಿದ್ದೆ. ದೂರದಿಂದಲೇ ಕಂಡಿತು. ಸುಡುವ ಬಿಸಿಲಿನಲ್ಲಿ ಮಾವ ಒಬ್ಬರೇ ಕೋಲೂರಿಕೊಂಡು, ಕಾಲೆಳೆಯುತ್ತಾ ರಸ್ತೆಗೆ ಬರುತ್ತಿದ್ದಾರೆ. ಬೆಳಗಿನದು ಸಾಲದೆ ಮತ್ತೆ ಅಂಗಡಿಗೇ ಹೊರಟದ್ದಿರಬೇಕು. ಎದುರಿನಿಂದ ಲೋಡು ತುಂಬಿದ ಪಿಕಪ್ಪು ಹಾರ್ನ್ ಹೊಡೆಯುತ್ತಾ ಬರುತ್ತಿದೆ. ನಾನು ಕೂಗುವ ಮೊದಲೇ ಅಂಗಳದಿಂದ ಅತ್ತೆಯ ಧ್ವನಿ ಕೇಳಿಸಿತು, ಅದೂ ಬಸ್ ಸ್ಟಾಪಿಗೇ ಕೇಳುವಂಥ ಧ್ವನಿ.

"ಏಯ್! ಎಲ್ಲಿಗೋ ಹೋಯ್ತಿದೀಯ? ಬಾರೋ ಈ ಕಡೀಕೆ!"

ಪಿಕಪ್ಪಿನವನು ಬ್ರೇಕು ಹಾಕಿದ. ಅತ್ತೆ ಗೇಟಿನ ಹತ್ತಿರ ಕೂದಲು ಬಿಚ್ಚಿಕೊಂಡೇ ನಿಂತಿದ್ದರು. ಬಾಯಿಂದ ಬಿದ್ದದ್ದು ಏನು ಅಂತ ಆಮೇಲೆ ತಿಳಿದಿರಬೇಕು, ಎರಡೂ ಕೈ ಬಾಯಿಗೆ ಹೋಯಿತು.

ಮಾವ ಕೋಲನ್ನು ಊರಿ, ನಿಧಾನವಾಗಿ, ಮೈ ಪೂರ್ತಿ ತಿರುಗಿಸಿಕೊಂಡು ಅತ್ತೆಯನ್ನು ನೋಡಿದರು. ಅವರ ಮುಖದ ನಗು ಈಗ ಒಂದೇ ಕಡೆಗೆ ಬರುವುದು. ಅಷ್ಟು ಬಂತು.

"ಬ-ರ್ತೀ-ನಿ. ತ-ಡೀ-ರಿ."

ನಾನು ರಸ್ತೆಯ ಮಧ್ಯೆ ಚೀಲ ಹಿಡಿದುಕೊಂಡು, ಮಾವನ ಎದುರಿಗೇ, ಗಟ್ಟಿಯಾಗಿ ನಕ್ಕುಬಿಟ್ಟೆ. ಅತ್ತೆ ಬಾಯಿಯ ಮೇಲಿನ ಕೈ ಮೆಲ್ಲಗೆ ತೆಗೆದರು. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಪಿಕಪ್ಪಿನವನನ್ನು.

"ಬಿರ್ರನೆ ಬಾ ಮತ್ತೆ" ಎಂದರು.